ಗುಜರಿ ಬೀಟಲ್‌ಗೆ ಮರಳಿನಲ್ಲಿ ಮರುಜನ್ಮ

ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರೊಂದನ್ನು ತನ್ನಿ. ಅದರ ತಗಡಿನ ಮೈಯನ್ನು ಪೂರ್ತಿ ಕಳಚಿ ಗುಜರಿಗೆ ಹಾಕಿ. ಉಳಿದ ಚಾಸಿಯನ್ನು ನಡುವೆ ಕೊಯ್ದು ಹದಿನಾಲ್ಕೂಕಾಲು ಇಂಚು, ಅಂದರೆ ಸುಮಾರು 36 ಸೆಂಟಿಮೀಟರಿನ ತುಂಡನ್ನು ತೆಗೆದುಬಿಡಿ. ಎರಡು ಭಾಗಗಳನ್ನೂ ಹತ್ತಿರ ತಂದು ವೆಲ್ಡ್ ಮಾಡಿ. ಮೇಲೆ ಬಾಗಿಲೂ ಇಲ್ಲದ, ಚಾವಣಿಯೂ ಇಲ್ಲದ ಫೈಬರ್‌ಗ್ಲಾಸ್ ಮೈಯೊಂದನ್ನು ಕೂರಿಸಿ ಬೋಲ್ಟ್ ಬಿಗಿಯಿರಿ. ಡ್ಯೂನ್ ಬಗ್ಗಿ ಸಿದ್ಧ.

1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹುಡುಗರು ಮನೆ ಪಕ್ಕದ ಗ್ಯಾರೇಜಿನಲ್ಲೇ ಮಾಡಿಕೊಂಡ ಕೆಲಸ ಇದು. ಆಗ ಹುಟ್ಟಿದ ಆ ಬಗ್ಗಿಗಳನ್ನು ಈಗ ಮೂಲೆಗಳಿಂದ, ಹಿತ್ತಿಲುಗಳಿಂದ ಹುಡುಕಿ ತೆಗೆದು ಮತ್ತೆ ಓಡುವಂತೆ ಮಾಡುವವರ ಒಂದು ಬಳಗವೇ ಇದೆ. ಹಳೆಯ ಕಾರುಗಳ ಲೋಕದಲ್ಲಿ ಸಾಮಾನ್ಯವಾಗಿ ಮಡಿ ಹೆಚ್ಚು. ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕು, ಒಂದು ತಿರುಪು ಬದಲಾದರೂ ಬೆಲೆ ಇಳಿಯಿತು ಎನ್ನುವವರೇ ಅಲ್ಲಿ ಜಾಸ್ತಿ. ಡ್ಯೂನ್ ಬಗ್ಗಿಗೆ ಆ ಕಾಟ ಕಡಿಮೆ. ಅದು ಪೂರ್ತಿ ಕಾರಾಗಿ ಯಾವ ಕಾರ್ಖಾನೆಯಿಂದಲೂ ಹೊರಬಿದ್ದದ್ದಲ್ಲ, ಹುಟ್ಟಿದ್ದೇ ರಿಪೇರಿಯಿಂದ. ಹಾಗಾಗಿ ಅದನ್ನು ರಿಪೇರಿ ಮಾಡುವವನು ಹಳೆಯದನ್ನು ಕಾಪಾಡುವುದರ ಜೊತೆಗೆ, ಮೊದಲು ಅದನ್ನು ಕಟ್ಟಿದವನ ಕೆಲಸವನ್ನೇ ಮುಂದುವರಿಸುತ್ತಿರುತ್ತಾನೆ. ಇದರ ಸುಖವೂ ಅಲ್ಲೇ ಇದೆ.

ದೋಣಿ ಕಟ್ಟುವವನ ಕಾರು

ಈ ಗಾಡಿಗೆ ಈಗ ನಾವು ಕಾಣುವ ರೂಪ ಕೊಟ್ಟವರು ಬ್ರೂಸ್ ಮೇಯರ್ಸ್. 1926ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆ ಸೇರಿದ್ದರು. 1945ರ ಮೇ 11ರಂದು ಜಪಾನಿನ ಆತ್ಮಾಹುತಿ ವಿಮಾನಗಳು ಬಂಕರ್ ಹಿಲ್ ಎಂಬ ಹಡಗಿನ ಮೇಲೆ ಎರಗಿದಾಗ ಅದರಲ್ಲೇ ಇದ್ದು ಬದುಕಿ ಬಂದವರು. ಆಮೇಲೆ ಚಿತ್ರಕಲೆ ಕಲಿತರು, ಕಡಲಲೆಯ ಮೇಲೆ ಸರ್ಫಿಂಗ್ ಮಾಡಿದರು, ಫೈಬರ್‌ಗ್ಲಾಸ್ ದೋಣಿ ಕಟ್ಟುವ ಕೆಲಸದಲ್ಲಿ ಪಳಗಿದರು.

ಕ್ಯಾಲಿಫೋರ್ನಿಯಾದ ಪಿಸ್ಮೋ ಕಡಲತೀರದ ಮರಳುದಿಬ್ಬಗಳಲ್ಲಿ ಆ ಕಾಲಕ್ಕೆ ದೊಡ್ಡ ದೊಡ್ಡ ವಿ8 ಎಂಜಿನ್ನಿನ ಗಾಡಿಗಳದ್ದೇ ಅಬ್ಬರ. ಅವುಗಳ ನಡುವೆ ಮೈ ಕಳಚಿದ ಬೀಟಲ್‌ಗಳು ಸುಲಭವಾಗಿ ದಿಬ್ಬ ಹತ್ತುವುದನ್ನು ಮೇಯರ್ಸ್ ಗಮನಿಸಿದರು. ಕಾರಣ ಸರಳ. ಬೀಟಲ್‌ನ ಎಂಜಿನ್ ಇರುವುದು ಹಿಂದೆ, ತಿರುಗುವ ಚಕ್ರಗಳೂ ಹಿಂದಿನವೇ. ಭಾರವೆಲ್ಲ ಎಳೆಯುವ ಚಕ್ರದ ಮೇಲೇ ಬೀಳುವುದರಿಂದ ಮರಳಿನಲ್ಲಿ ಹಿಡಿತ ಸಿಗುತ್ತದೆ. ಮುಂಭಾಗ ಹಗುರವಾಗಿ ತೇಲಿದಂತೆ ಸಾಗುತ್ತದೆ. ಗಾಳಿಯಿಂದಲೇ ತಣಿಯುವ ಎಂಜಿನ್ ಆದ್ದರಿಂದ ರೇಡಿಯೇಟರ್ ಇಲ್ಲ, ನೀರು ಕುದಿಯುವ ಭಯವೂ ಇಲ್ಲ. ಆದರೆ ಹಾಗೆ ಮೈ ಕಳಚಿದ ಗಾಡಿಗಳು ನೋಡಲು ಚೆನ್ನಾಗಿರಲಿಲ್ಲ. ಅದಕ್ಕೊಂದು ಅಂದದ ಮೈ ಕೊಡುವುದು ದೋಣಿ ಕಟ್ಟಿದ ಕೈಗೆ ಕಷ್ಟವೇನಲ್ಲ.

1964ರಲ್ಲಿ ನ್ಯೂಪೋರ್ಟ್ ಬೀಚಿನಲ್ಲಿ ಮೊದಲ ಗಾಡಿ ತಯಾರಾಯಿತು. ಕೆಂಪು ಬಣ್ಣದ ಅದಕ್ಕೆ ‘ಓಲ್ಡ್ ರೆಡ್’ ಎಂದೇ ಹೆಸರು. ಮಾದರಿಗೆ ಬಾಲವಿಲ್ಲದ ಬೆಕ್ಕಿನ ತಳಿಯ ಹೆಸರಿಟ್ಟು ಮೇಯರ್ಸ್ ಮ್ಯಾಂಕ್ಸ್ ಎಂದು ಕರೆದರು. ಮೊದಲ ಹನ್ನೆರಡು ಗಾಡಿಗಳಲ್ಲಿ ಫೈಬರ್‌ಗ್ಲಾಸ್ ಮೈಯೇ ಚಾಸಿಯ ಕೆಲಸವನ್ನೂ ಮಾಡುತ್ತಿತ್ತು. ಖರ್ಚು ಗಿಟ್ಟಲಿಲ್ಲ. ಆಮೇಲೆ ಬೀಟಲ್‌ನ ಚಾಸಿಯನ್ನೇ ಮೋಟು ಮಾಡಿ ಬಳಸುವ ಉಪಾಯ ಬಂತು. ಮೈಯ ಕಿಟ್ ಕಂಪನಿಯಿಂದ, ಉಳಿದದ್ದೆಲ್ಲ ಕೊಂಡವನ ಪಾಲು.

ಮ್ಯಾಂಕ್ಸ್ ಹೆಸರುವಾಸಿಯಾದದ್ದು 1967ರಲ್ಲಿ. ಮೇಯರ್ಸ್ ಮತ್ತು ಜೊತೆಗಾರ ಟೆಡ್ ಮ್ಯಾಂಗಲ್ಸ್ ಸೇರಿ ಓಲ್ಡ್ ರೆಡ್ ಅನ್ನು ಮೆಕ್ಸಿಕೋದ ಲಾ ಪಾಜ್‌ನಿಂದ ಟಿಯುವಾನಾವರೆಗೆ, ಬಾಹಾ ಪರ್ಯಾಯದ್ವೀಪದ ಕಲ್ಲುಮುಳ್ಳಿನ ದಾರಿಯಲ್ಲಿ 34 ಗಂಟೆ 45 ನಿಮಿಷಗಳಲ್ಲಿ ಓಡಿಸಿದರು. ಮೋಟರ್‌ಸೈಕಲ್ ಸವಾರರ ಹೆಸರಿನಲ್ಲಿದ್ದ ಹಳೆಯ ದಾಖಲೆಗಿಂತ ಐದು ಗಂಟೆ ಕಡಿಮೆ. ಅದೇ ವರ್ಷ ಮೊದಲ ‘ಮೆಕ್ಸಿಕನ್ 1000’ ರೇಸ್ ನಡೆದಾಗ ಗೆದ್ದದ್ದೂ ಮ್ಯಾಂಕ್ಸೇ. 1968ರಲ್ಲಿ ‘ದಿ ಥಾಮಸ್ ಕ್ರೌನ್ ಅಫೇರ್’ ಚಿತ್ರದಲ್ಲಿ ನಟ ಸ್ಟೀವ್ ಮೆಕ್‌ಕ್ವೀನ್ ಕಡಲ ದಂಡೆಯಲ್ಲಿ ಬಗ್ಗಿ ಹಾರಿಸಿದ ಮೇಲೆ ಕೇಳಬೇಕೆ?

ಹೆಸರು ಬಂತು, ದುಡ್ಡು ಬರಲಿಲ್ಲ. ಫೈಬರ್‌ಗ್ಲಾಸ್ ಮೈಯ ಅಚ್ಚು ತೆಗೆಯುವುದು ಎಷ್ಟು ಸುಲಭವೆಂದರೆ ಬೀದಿಗೊಬ್ಬರು ನಕಲು ಮಾಡತೊಡಗಿದರು. ಮೇಯರ್ಸ್ ಕೋರ್ಟಿಗೆ ಹೋದರು, ಪೇಟೆಂಟ್ ನಿಲ್ಲಲಿಲ್ಲ. 1971ರಲ್ಲಿ ಕಂಪನಿ ಬಾಗಿಲು ಹಾಕಿತು. ಅಲ್ಲಿಯವರೆಗೆ ಬಂದ ಅಸಲಿ ಬಗ್ಗಿಗಳು ಆರು ಸಾವಿರದಷ್ಟು. ಜಗತ್ತಿನೆಲ್ಲೆಡೆ ಹುಟ್ಟಿದ ನಕಲುಗಳು ಎರಡೂವರೆ ಲಕ್ಷ ಎಂಬ ಅಂದಾಜಿದೆ. ಇಂದು ರಿಪೇರಿಗೆ ಸಿಗುವ ಹಳೆಯ ಬಗ್ಗಿಗಳಲ್ಲಿ ಹೆಚ್ಚಿನವು ಈ ನಕಲುಗಳೇ. ಅದರಿಂದ ಓಡಿಸುವ ಸುಖಕ್ಕೇನೂ ಕೊರತೆಯಿಲ್ಲ.

ತುಕ್ಕು ಎಲ್ಲಿ, ಬಿರುಕು ಎಲ್ಲಿ

ಹಳೆಯ ಬಗ್ಗಿಯ ಮೈ ನೋಡಿದರೆ ಗಾಬರಿಯಾಗುತ್ತದೆ. ಬಣ್ಣ ಮಾಸಿರುತ್ತದೆ, ಬೋಲ್ಟ್ ಕೂತ ಕಡೆಯೆಲ್ಲ ಜೇಡರ ಬಲೆಯಂಥ ಸಣ್ಣ ಬಿರುಕುಗಳು. ಆದರೆ ಮೈಯ ಚಿಂತೆ ಮಾಡಬೇಕಾಗಿಲ್ಲ. ಫೈಬರ್‌ಗ್ಲಾಸ್ ತುಕ್ಕು ಹಿಡಿಯುವುದಿಲ್ಲ. ಬಿರುಕನ್ನು ಅಗಲವಾಗಿ ಕೆರೆದು, ಹಿಂಬದಿಯಿಂದ ಗಾಜಿನೆಳೆಯ ಮ್ಯಾಟ್ ಮತ್ತು ರೆಸಿನ್ ಹಚ್ಚಿ, ಮೇಲಿನಿಂದ ತುಂಬಿ ಉಜ್ಜಿದರೆ ಮೊದಲಿನಷ್ಟೇ ಗಟ್ಟಿ. ಆ ಕಾಲದ ಕೆಲವು ಬಗ್ಗಿಗಳಲ್ಲಿ ಬಣ್ಣದ ಪದರದೊಳಗೇ ಮಿನುಗುವ ಲೋಹದ ಚೂರುಗಳನ್ನು ಬೆರೆಸಿರುತ್ತಿದ್ದರು. ನೀರು ಹಾಕಿಕೊಂಡು ಒರಟು ಉಪ್ಪುಕಾಗದದಿಂದ ನಯವಾದ ಕಾಗದದವರೆಗೆ ಹಂತ ಹಂತವಾಗಿ ತಿಕ್ಕಿದರೆ, ದಶಕಗಳ ಮಂಕು ಕಳೆದು ಆ ಮಿನುಗು ಮೇಲೆ ಬರುತ್ತದೆ. ಪದರ ತೆಳು, ಜಾಸ್ತಿ ತಿಕ್ಕಿದರೆ ಬಟ್ಟೆಯಂಥ ಎಳೆ ಕಾಣಿಸಿಬಿಡುತ್ತದೆ. ಮುಖಕ್ಕೆ ಮಾಸ್ಕ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಬಾರದು. ಗಾಜಿನ ಎಳೆಯ ದೂಳು ಶ್ವಾಸಕ್ಕೆ ಕೆಟ್ಟದ್ದು, ಮೈಗೆ ತಾಗಿದರೂ ತುರಿಕೆ.

ನಿಜವಾಗಿ ನೋಡಬೇಕಾದ್ದು ಕೆಳಗೆ. ಐವತ್ತು, ಅರವತ್ತು ವರ್ಷದ ಹಿಂದೆ ಯಾರೋ ಹವ್ಯಾಸಿ ಚಾಸಿಯನ್ನು ಕತ್ತರಿಸಿ ಜೋಡಿಸಿದ ವೆಲ್ಡಿಂಗ್ ಅದು. ಗಾಡಿಯ ಜೀವ ಇರುವುದು ಅದರ ಮೇಲೆ. ನಡುವೆ ಹಾದುಹೋಗುವ ಸುರಂಗದಂಥ ಬೆನ್ನೆಲುಬು ನೇರವಾಗಿದೆಯೇ, ಬ್ಯಾಟರಿ ಕೂತಿದ್ದ ಜಾಗದ ತಳ ಕೊಳೆತಿದೆಯೇ, ಗೇರಿನ ಸರಳನ್ನೂ ಕೇಬಲ್‌ಗಳನ್ನೂ ಅಳತೆಗೆ ಸರಿಯಾಗಿ ಗಿಡ್ಡ ಮಾಡಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಅನುಮಾನ ಬಂದರೆ ಹಳೆಯ ವೆಲ್ಡಿಂಗ್ ಕೆರೆದು ಹೊಸದಾಗಿ ಹಾಕಿಸುವುದೇ ಕ್ಷೇಮ. ಗಾಡಿ ಮಗುಚಿದಾಗ ತಲೆ ಕಾಯುವ ರೋಲ್ ಬಾರ್ ಮತ್ತು ಸೀಟ್ ಬೆಲ್ಟ್‌ಗಳನ್ನು ಈ ಉಕ್ಕಿನ ಚಾಸಿಗೇ ಬಿಗಿಯಬೇಕು, ಫೈಬರ್‌ಗ್ಲಾಸ್‌ಗಲ್ಲ.

ವೈರಿಂಗ್‌ನಲ್ಲಿ ಹೊಸಬರನ್ನು ಸತಾಯಿಸುವ ಒಂದು ಸಂಗತಿಯಿದೆ. ಹೆಡ್‌ಲೈಟ್ ಹಾಕಿದರೆ ಮಂಕು, ಇಂಡಿಕೇಟರ್ ಒತ್ತಿದರೆ ಇನ್ನಾವುದೋ ದೀಪ ಮಿನುಗುತ್ತದೆ. ಬಲ್ಬ್ ಬದಲಿಸಿದರೂ ಅದೇ ಕತೆ. ಮಾಮೂಲಿ ಕಾರಿನಲ್ಲಿ ತಗಡಿನ ಮೈಯೇ ಅರ್ಥಿಂಗ್ ಕೆಲಸ ಮಾಡುತ್ತದೆ. ಫೈಬರ್‌ಗ್ಲಾಸ್‌ನಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ! ಪ್ರತಿಯೊಂದು ದೀಪದಿಂದಲೂ ಚಾಸಿಯವರೆಗೆ ಬೇರೆಯೇ ಅರ್ಥ್ ವೈರ್ ಎಳೆದರೆ ರೋಗ ಅಲ್ಲಿಗೆ ವಾಸಿ.

ಟ್ಯಾಪೆಟ್ ಸೆಟ್ಟಿಂಗ್

ಬೀಟಲ್ ಎಂಜಿನ್ ಕಲಿಯುವವರ ಎಂಜಿನ್. ನಾಲ್ಕು ಸಿಲಿಂಡರ್, ಎರಡು ಆ ಕಡೆಗೆ, ಎರಡು ಈ ಕಡೆಗೆ ಮಲಗಿರುತ್ತವೆ. ಗೇರ್‌ಬಾಕ್ಸಿಗೆ ನಾಲ್ಕೇ ನಾಲ್ಕು ಕಡೆ ಬಿಗಿದಿರುವುದರಿಂದ ಜ್ಯಾಕ್ ಇದ್ದರೆ ಇಬ್ಬರೇ ಸೇರಿ ಕೆಳಗಿಳಿಸಬಹುದು. ಬಗ್ಗಿಯಲ್ಲಂತೂ ಅದು ಹಿಂದುಗಡೆ ಬಯಲಲ್ಲೇ ಇರುತ್ತದೆ, ಬಾನೆಟ್ ಎತ್ತುವ ಪ್ರಮೇಯವೂ ಇಲ್ಲ.

ಅದರ ಟ್ಯಾಪೆಟ್, ಅಂದರೆ ವಾಲ್ವ್‌ಗಳ ಸಂದಿ ಹೊಂದಿಸುವ ಕೆಲಸವನ್ನೇ ನೋಡಿ. ಎಂಜಿನ್ ಪೂರ್ತಿ ತಣ್ಣಗಿರಬೇಕು, ಹಾಗಾಗಿ ಬೆಳಗಿನ ಹೊತ್ತು ಒಳ್ಳೆಯದು. ಪಕ್ಕದಲ್ಲಿ ಮಲಗಿ ಸ್ಪ್ರಿಂಗ್ ತಂತಿಯೊಂದನ್ನು ಸ್ಕ್ರೂಡ್ರೈವರಿನಿಂದ ಕೆಳಕ್ಕೆ ಮೀಟಿದರೆ ವಾಲ್ವ್‌ಗಳ ಮುಚ್ಚಳ ಕೈಗೆ ಬರುತ್ತದೆ, ಬೋಲ್ಟಿಲ್ಲ. ಎರಡು ಹನಿ ಎಣ್ಣೆ ತೊಟ್ಟಿಕ್ಕುತ್ತದೆ. ಒಂದನೇ ಸಿಲಿಂಡರಿನ ವಾಲ್ವ್‌ಗಳೆರಡೂ ಮುಚ್ಚಿರುವ ಸ್ಥಿತಿಗೆ ಎಂಜಿನ್ ತಂದು, ಫೀಲರ್ ಗೇಜಿನ 0.15 ಮಿಲಿಮೀಟರ್ ಎಲೆಯನ್ನು ಸಂದಿಗೆ ತೂರಿಸಬೇಕು. 13ರ ಸ್ಪ್ಯಾನರಿನಲ್ಲಿ ನಟ್ ಸಡಿಲಿಸಿ ತಿರುಪು ತಿರುಗಿಸುತ್ತ ಎಲೆಯನ್ನು ಎಳೆದು ನೋಡಬೇಕು. ಸಲೀಸಾಗಿ ಜಾರಿದರೆ ಸಡಿಲ, ಕಚ್ಚಿಕೊಂಡರೆ ಬಿಗಿ. ಎಳೆದಾಗ ಸ್ವಲ್ಪವೇ ತಡೆದು ಬಂದರೆ ಸರಿ. ಸಿಲಿಂಡರುಗಳು ಉರಿಯುವ ಕ್ರಮ 1-4-3-2. ಆದ್ದರಿಂದ ಎಂಜಿನ್ನನ್ನು ಅರ್ಧರ್ಧ ಸುತ್ತು ಹಿಂದಕ್ಕೆ ತಿರುಗಿಸುತ್ತ ಹೋದರೆ 1, 2, 3, 4 ಎಂದು ಎಣಿಸಿದಂತೆಯೇ ಸಿಲಿಂಡರುಗಳು ಒಂದೊಂದಾಗಿ ಸರದಿಗೆ ಬರುತ್ತವೆ. ಕೆಲಸ ಮುಗಿಸಿ ಎಂಜಿನ್ ಚಾಲೂ ಮಾಡಿದಾಗ ಟಕಟಕ ಸದ್ದು ಹೋಗಿ ಹದವಾದ ಗುಡುಗುಡು ಕೇಳಿಸುತ್ತದಲ್ಲ, ಅದನ್ನು ಒಮ್ಮೆ ಕೇಳಿದವರು ಮತ್ತೆ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋಗುವುದಿಲ್ಲ.

ಇನ್ನೊಂದು ಎಚ್ಚರ ಬೇಕು. ತಣಿಸುವ ಫ್ಯಾನನ್ನು ತಿರುಗಿಸುವ ಬೆಲ್ಟೇ ಡೈನಮೊವನ್ನೂ ತಿರುಗಿಸುತ್ತದೆ. ಓಡುವಾಗ ಚಾರ್ಜಿಂಗ್‌ನ ಕೆಂಪು ದೀಪ ಹತ್ತಿತೆಂದರೆ ಬೆಲ್ಟ್ ಹರಿದಿರಬಹುದು, ಗಾಳಿ ನಿಂತಿರಬಹುದು. ಮನೆಗೆ ಮುಟ್ಟಿಸೋಣ ಎಂದು ಓಡಿಸಿದರೆ ಎಂಜಿನ್ ಕಟ್ಟಿಕೊಳ್ಳುವುದು ಖಂಡಿತ. ಅಲ್ಲೇ ನಿಲ್ಲಿಸಬೇಕು. ಅನುಭವಿಗಳು ಒಂದು ಬೆಲ್ಟನ್ನು ಯಾವಾಗಲೂ ಗಾಡಿಯಲ್ಲೇ ಇಟ್ಟಿರುತ್ತಾರೆ.

ಮರಳಿಗೆ ಇಳಿದ ಮೇಲೆ

ಓಡಿಸುವ ಪಾಠ ಟಯರಿನಿಂದ ಶುರು. ರಸ್ತೆಯ ಗಾಳಿ ಮರಳಿಗೆ ಆಗದು. ಗಾಳಿ ಇಳಿಸಿದರೆ ಟಯರು ಅಗಲವಾಗಿ ಹರಡಿಕೊಂಡು ಮರಳಿನ ಮೇಲೆ ನಿಲ್ಲುತ್ತದೆ, ಇಳಿಸದಿದ್ದರೆ ಹೂತುಕೊಳ್ಳುತ್ತದೆ. ಹೊರಟ ಮೇಲೆ ಓಟ ಬಿಡಬಾರದು. ಬ್ರೇಕ್ ಒತ್ತಿದರೆ ಚಕ್ರದ ಮುಂದೆ ಮರಳಿನ ಗುಡ್ಡೆ ಏಳುತ್ತದೆ, ಆದ್ದರಿಂದ ಕಾಲು ಎತ್ತಿ ತಾನಾಗಿ ನಿಲ್ಲಲು ಬಿಡುವುದು ರೂಢಿ. ದಿಬ್ಬವನ್ನು ನೇರವಾಗಿ ಹತ್ತಬೇಕು, ಅಡ್ಡ ಹಾಯ್ದರೆ ಮಗುಚೀತು. ನೆತ್ತಿಯ ಆ ಕಡೆ ಏನಿದೆಯೆಂದು ಕಾಣದ ಕಾರಣ ಅಲ್ಲಿ ನಿಧಾನಿಸಲೇಬೇಕು. ಪಿಸ್ಮೋ ಪಕ್ಕದ ಓಷಿಯಾನೊ ದಿಬ್ಬಗಳಲ್ಲಿ ಪ್ರತಿ ಗಾಡಿಗೂ ಎತ್ತರದ ಕೋಲಿನ ತುದಿಗೆ ಬಾವುಟ ಕಟ್ಟಿರಬೇಕೆಂಬ ನಿಯಮವಿರುವುದು, ದಿಬ್ಬದ ಆಚೆಯಿಂದ ಬರುವವರಿಗೆ ಕಾಣಲೆಂದೇ.

ಇಲ್ಲಿ ವೇಗ ಮುಖ್ಯವಲ್ಲ. ಬೀಟಲ್‌ನ ಎಂಜಿನ್ ಐವತ್ತು, ಅರವತ್ತು ಅಶ್ವಶಕ್ತಿ ಕೊಟ್ಟರೆ ಹೆಚ್ಚು. ಆದರೆ ನೆಲಕ್ಕೆ ಹತ್ತಿರ ಕೂತು, ಬಾಗಿಲು ಚಾವಣಿಗಳ ಹಂಗಿಲ್ಲದೆ ಹೋಗುವಾಗ ಗಂಟೆಗೆ ನಲವತ್ತು ಕಿಲೋಮೀಟರ್ ಕೂಡ ಎಂಬತ್ತು ಅನ್ನಿಸುತ್ತದೆ. ಚಕ್ರ ಎಲ್ಲಿ ಜಾರಿತು, ಎಲ್ಲಿ ಕಚ್ಚಿತು ಎಂಬುದು ಸ್ಟೀರಿಂಗ್‌ನಲ್ಲೇ ತಿಳಿಯುತ್ತದೆ. ಬ್ರೆಜಿಲ್‌ನ ನಟಾಲ್ ಊರಿನ ಬಳಿ ಜೆನಿಪಾಬು ಮರಳುದಿಬ್ಬಗಳಲ್ಲಿ ಪ್ರವಾಸಿಗರನ್ನು ಬಗ್ಗಿಯಲ್ಲಿ ಸುತ್ತಾಡಿಸುವ ಚಾಲಕರು ಹೊರಡುವ ಮೊದಲು ಒಂದು ಪ್ರಶ್ನೆ ಕೇಳುತ್ತಾರೆ: ರೋಮಾಂಚನ ಬೇಕೋ, ಬೇಡವೋ? ಬೇಕೆಂದವರಿಗೆ ದಿಬ್ಬದ ಕಡಿದಾದ ಇಳಿಜಾರು, ಬೇಡವೆಂದವರಿಗೆ ಸುತ್ತುದಾರಿ.

ನಮ್ಮ ಕಡೆ

ದುಬೈಗೆ ಹೋಗಿಬಂದ ನಮ್ಮವರು ಮರುಭೂಮಿಯಲ್ಲಿ ಓಡಿಸಿ ಬರುವ ಬಾಡಿಗೆ ಬಗ್ಗಿಗಳು ಕಾರ್ಖಾನೆಯಲ್ಲೇ ತಯಾರಾದ ಹೊಸ ಕಾಲದ ಗಾಡಿಗಳು. ಬೀಟಲ್ ಕತ್ತರಿಸಿ ಮಾಡಿದ ಬಗ್ಗಿ ನಮ್ಮ ರಸ್ತೆಗೆ ಬರುವುದು ಕಷ್ಟ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ರೂಪವನ್ನು ಬದಲಿಸಲು ಬಿಡುವುದಿಲ್ಲ. 2021ರ ವಿಂಟೇಜ್ ನೋಂದಣಿ ನಿಯಮವೂ ಐವತ್ತು ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ ಹಾಗಲ್ಲ. 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ. ಆದ್ದರಿಂದ ಹಳೆಯ ಬೀಟಲ್ ಚಾಸಿಯ ಬಗ್ಗಿ ಅಲ್ಲಿ ರಸ್ತೆಯಲ್ಲೂ ಓಡುತ್ತದೆ.

ಹಾಗೆಂದು ಅಲ್ಲಿಯೂ ಎಲ್ಲವೂ ಸಲೀಸಲ್ಲ. ಓಷಿಯಾನೊ ದಿಬ್ಬಗಳಲ್ಲಿ ಮೊಟ್ಟೆಯಿಡುವ ಪುಟ್ಟ ಕಡಲಹಕ್ಕಿಗಳಿಗಾಗಿ ವಾಹನ ಓಡಾಟವನ್ನೇ ಹಂತಹಂತವಾಗಿ ನಿಲ್ಲಿಸಬೇಕೆಂದು ರಾಜ್ಯದ ಕರಾವಳಿ ಆಯೋಗ 2021ರಲ್ಲಿ ತೀರ್ಮಾನಿಸಿತು. ವಿಷಯ ಕೋರ್ಟಿಗೆ ಹೋಯಿತು. ಹಕ್ಕಿಗಳ ಪರವಾದ ವಾದದಲ್ಲಿ ಹುರುಳಿದೆ. ನಮ್ಮಲ್ಲೂ ಉತ್ತರ ಕನ್ನಡದ ದಂಡೆಗಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ. ರಜೆಯಲ್ಲಿ ಜೀಪನ್ನು ಕಡಲಂಚಿಗೆ ಇಳಿಸಿ ರೀಲ್ಸ್ ಮಾಡುವ ನಮ್ಮ ಹುಡುಗರು ಇದನ್ನು ಮರೆಯಬಾರದು. ಮರಳಿನ ಆಟ ಅದಕ್ಕೆಂದೇ ಬಿಟ್ಟ ಜಾಗದಲ್ಲಿ ಚೆನ್ನ.

ಓಲ್ಡ್ ರೆಡ್ 2014ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿತು, ಆ ಪಟ್ಟಿಯಲ್ಲಿ ಅದು ಎರಡನೆಯ ವಾಹನ. ಮೇಯರ್ಸ್ 2021ರ ಫೆಬ್ರವರಿಯಲ್ಲಿ 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ಕಂಪನಿ ಈಗ ಬೇರೆಯವರ ಕೈಯಲ್ಲಿದೆ. 2022ರಲ್ಲಿ ಬ್ಯಾಟರಿಯಿಂದ ಓಡುವ ಮ್ಯಾಂಕ್ಸ್ ಅನ್ನು ಅದು ಪರಿಚಯಿಸಿತು.

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಯಾರಿಗಾದರೂ ಹಳೆಯ ಬಗ್ಗಿ ಕೊಳ್ಳುವ ಮನಸ್ಸಾದರೆ ಎರಡು ಮಾತು. ಬಣ್ಣಕ್ಕೆ ಮರುಳಾಗಬೇಡಿ, ಬಗ್ಗಿ ಅಡಿಭಾಗದ ವೆಲ್ಡಿಂಗ್ ನೋಡಿ. ಚಾಸಿಯ ನಂಬರು ಕಾಗದಪತ್ರಕ್ಕೆ ತಾಳೆಯಾಗುತ್ತದೋ ನೋಡಿ. ಸರಿಮಾಡಿದ ಮೇಲೆ ಹೊದಿಕೆ ಹಾಕಿ ಗ್ಯಾರೇಜಿನಲ್ಲಿ ನಿಲ್ಲಿಸಬೇಡಿ. ನಿಂತ ಬಗ್ಗಿಯ ಬ್ರೇಕು ಕಚ್ಚಿಕೊಳ್ಳುತ್ತದೆ, ಪೆಟ್ರೋಲು ಕೆಟ್ಟು ಕಾರ್ಬುರೇಟರ್ ಕಟ್ಟಿಕೊಳ್ಳುತ್ತದೆ. ಓಡಿಸುತ್ತಿರಿ, ಕೆಟ್ಟರೆ ಬಿಚ್ಚಿ ಸರಿಮಾಡಿ. ಬಿಚ್ಚುವುದಕ್ಕೆ ಬೇಜಾರು ಪಡುವವರಿಗೆ ಈ ಗಾಡಿ ಸಲ್ಲದು.