ಶ್ರುತಿ ಸೇರದ ಎರಡು ಫ್ಯಾನುಗಳು

ಅಲ್ ಖೋರ್‌ನಲ್ಲಿ ವರ್ಷದ ಹೆಚ್ಚಿನ ಕಾಲ ಯಾವ ಮನೆಯೂ ನಿಶ್ಶಬ್ದವಾಗಿರುವುದಿಲ್ಲ. ದೋಹಾದಿಂದ ಸುಮಾರು 50 ಕಿಲೋಮೀಟರ್ ಉತ್ತರಕ್ಕಿರುವ ಈ ಕಡಲತಡಿಯ ಊರಿನಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿದರೆ ಅದು ಹಗಲಿರುಳೂ ಓಡುತ್ತಲೇ ಇರುತ್ತದೆ. ಡಿಸೆಂಬರ್‌ನಲ್ಲಿ ಚಳಿ ಬಿದ್ದು ಎಸಿ ಆರಿಸಿದ ಮೊದಲ ರಾತ್ರಿ ಮನೆಯೊಳಗೆ ಇನ್ನೊಂದು ಯಂತ್ರವೂ ಉಂಟೆಂದು ಗೊತ್ತಾಗುತ್ತದೆ. ನಮ್ಮ ಮನೆಯಲ್ಲಿ ಅದು ಮಗನ ಗೇಮಿಂಗ್ ಕಂಪ್ಯೂಟರ್. ಆ ಚಳಿಗಾಲಕ್ಕೆ ಸಾಗರದಿಂದ ಬಂದಿದ್ದ ಅಮ್ಮ ಕೇಳಿದಳು: “ಏನೋ ಅದು, ಹಿಟ್ಟಿನ ಗಿರಣಿ ಥರ?”

ಗಿರಣಿ ಆ ದಿನ ಹೊಸದಾಗಿ ಶುರುವಾದದ್ದೇನಲ್ಲ. ಎಸಿಯ ಸದ್ದು 40 ಡೆಸಿಬೆಲ್, ಕಂಪ್ಯೂಟರಿನದು 32 ಎಂದಿಟ್ಟುಕೊಳ್ಳಿ. ಡೆಸಿಬೆಲ್ ಲಾಗರಿದಮ್ಮಿನ ಲೆಕ್ಕವಾದ್ದರಿಂದ ಎರಡೂ ಕೂಡಿದರೆ ಆಗುವುದು ಬರೀ 40.6. ದೊಡ್ಡ ಸದ್ದು ಚಿಕ್ಕದನ್ನು ನುಂಗಿಬಿಡುತ್ತದೆ. ಇದರ ಇನ್ನೊಂದು ಮುಖವೂ ಇದೆ: ಪೆಟ್ಟಿಗೆಯೊಳಗೆ ಆರು ಫ್ಯಾನುಗಳಿದ್ದರೂ ಅತಿ ಗದ್ದಲದ ಒಂದನ್ನು ಸರಿಪಡಿಸದೆ ಉಳಿದ ಐದನ್ನು ಬದಲಿಸಿದರೆ ದುಡ್ಡು ದಂಡ. ಆ ಒಂದು ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡಿನದೇ.

ಕಾರಣ ಸರಳ. 2022ರಲ್ಲಿ ಬಂದ ಎನ್ವಿಡಿಯಾದ ಆರ್‌ಟಿಎಕ್ಸ್ 4090 ಕಾರ್ಡಿನ ವಿದ್ಯುತ್ ಮಿತಿ 450 ವಾಟ್. ಹೆಚ್ಚುಕಡಿಮೆ ಅರ್ಧ ಇಸ್ತ್ರಿಪೆಟ್ಟಿಗೆಯಷ್ಟು, ಅಷ್ಟೂ ಕೊನೆಗೆ ಶಾಖವೇ. ಅದನ್ನು ಹೊರದಬ್ಬುವ ಕೆಲಸ ಅಂಗೈಯಗಲದ ಪುಟ್ಟ ಫ್ಯಾನುಗಳದ್ದು. ಇದೇ ಕಂಪನಿ 2003ರಲ್ಲಿ ತಂದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾಕ್ಕೆ ಜನ ‘ಡಸ್ಟ್‌ಬಸ್ಟರ್’ ಎಂದು ಕೈ ವ್ಯಾಕ್ಯೂಮ್ ಕ್ಲೀನರಿನ ಹೆಸರನ್ನೇ ಇಟ್ಟಿದ್ದರು. ಕಂಪನಿಯವರೇ ಅದನ್ನು ಗೇಲಿ ಮಾಡುವ ವೀಡಿಯೊ ತೆಗೆದರು. ಅಷ್ಟು ಹಾಸ್ಯಪ್ರಜ್ಞೆ ಎಲ್ಲ ಕಂಪನಿಗಳಿಗೂ ಇದ್ದಿದ್ದರೆ!

ಫ್ಯಾನಿನ ಗಣಿತ ಮಾತ್ರ ನಮ್ಮ ಪರವಾಗಿದೆ. ವೇಗವನ್ನು ಅರ್ಧಕ್ಕೆ ಇಳಿಸಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಕುಸಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧದಷ್ಟಾಗಿ ಕೇಳುತ್ತದೆ. ಹಾಗಾಗಿ ನಿಧಾನವಾಗಿ ತಿರುಗುವ ದೊಡ್ಡ ಫ್ಯಾನು ಜೋರಾಗಿ ತಿರುಗುವ ಚಿಕ್ಕದಕ್ಕಿಂತ ಯಾವತ್ತೂ ಮೇಲು. ಒಂದೇ ಆಕಾರದ ಎರಡು ಫ್ಯಾನು ತೆಗೆದುಕೊಂಡರೆ, 92 ಮಿಲಿಮೀಟರಿನದು ಕೊಡುವಷ್ಟು ಗಾಳಿಯನ್ನು 140 ಮಿಲಿಮೀಟರಿನದು ಮೂರೂವರೆ ಪಟ್ಟು ಕಡಿಮೆ ವೇಗದಲ್ಲಿ ಕೊಡುತ್ತದೆ. ಕಾರ್ಡಿನ ಪ್ಲಾಸ್ಟಿಕ್ ಹೊದಿಕೆ ಕಿತ್ತು ದೊಡ್ಡ ಫ್ಯಾನುಗಳನ್ನು ಬಿಗಿಯುವ ಸಾಹಸಿಗಳಿದ್ದಾರೆ. ವಾರಂಟಿ ಹೋಗುತ್ತದೆಂಬ ಹೆದರಿಕೆಯಿಂದ ನಾನು ಆ ತಂಟೆಗೆ ಹೋಗಲಿಲ್ಲ.

ಶಾಖವನ್ನು ಹುಟ್ಟುವಲ್ಲೇ ತಗ್ಗಿಸುವುದು ಇನ್ನೂ ಜಾಣತನ. ಚಿಪ್ ತಿನ್ನುವ ವಿದ್ಯುತ್ತಿನ ಬಹುಪಾಲು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಚಿಪ್ಪಿನ ಕ್ಲಾಕ್ ವೇಗ ಮುಟ್ಟದೆ 1.05 ವೋಲ್ಟನ್ನು 0.90ಕ್ಕೆ ಇಳಿಸಿದರೆ ಈ ಭಾಗದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಉಳಿತಾಯ. ತಯಾರಕರು ಅತ್ಯಂತ ಬಡಪಾಯಿ ಚಿಪ್ಪಿಗೂ ಸಾಲಲೆಂದು ವೋಲ್ಟೇಜನ್ನು ಧಾರಾಳವಾಗಿಯೇ ಇಟ್ಟಿರುತ್ತಾರೆ. ಸಾಫ್ಟ್‌ವೇರಿನಲ್ಲಿ ಸ್ವಲ್ಪಸ್ವಲ್ಪವೇ ಇಳಿಸುತ್ತಾ ಹೋಗಬೇಕು. ಆಟ ನಡುವೆ ಕೈಕೊಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಬರಬೇಕು. ಮಗನಿಗೆ ಆಟದ ವೇಗದಲ್ಲಿ ವ್ಯತ್ಯಾಸವೇ ತಿಳಿಯಲಿಲ್ಲ.

ಗಾಳಿ ಎಲ್ಲಿಂದ ಬರುತ್ತದೆ ಎಂಬುದೂ ಮುಖ್ಯ. ನಮ್ಮೂರಿನ ಅಲ್ ಬೈತ್ ಕ್ರೀಡಾಂಗಣವನ್ನೇ ನೋಡಿ. ಬೆಡೂಯಿನ್ ಡೇರೆಯಾಕಾರದ ಅಲ್ಲಿಯೇ 2022ರ ನವೆಂಬರ್ 20ರಂದು ವಿಶ್ವಕಪ್ ಫುಟ್‌ಬಾಲ್ ಶುರುವಾದದ್ದು. ಅಷ್ಟು ದೊಡ್ಡ ಬಯಲನ್ನೆಲ್ಲ ತಂಪಾಗಿಸಲು ಹೋಗದೆ, ಸೀಟುಗಳ ಬಳಿ ಮತ್ತು ಮೈದಾನದ ಅಂಚಿನಲ್ಲಿ, ಅಂದರೆ ಜನ ಇರುವಲ್ಲಿಗೆ ಮಾತ್ರ, ತಣ್ಣನೆಯ ಗಾಳಿ ಬಿಡುವ ಏರ್ಪಾಡು. ಕಂಪ್ಯೂಟರಿಗೂ ಇದೇ ಬುದ್ಧಿ ಸಾಕು. ಪೆಟ್ಟಿಗೆಯ ಮುಂದಿನಿಂದ ಬಂದ ಹೊರಗಾಳಿ ನೇರ ಕಾರ್ಡಿನ ಕೆಳಕ್ಕೆ ಸಿಗಬೇಕು. ಕಾರ್ಡು ತಾನು ಬಿಟ್ಟ ಬಿಸಿಯುಸಿರನ್ನೇ ಮತ್ತೆ ಎಳೆದುಕೊಳ್ಳುವಂತಾಗಬಾರದು. ನಮ್ಮ ಪೆಟ್ಟಿಗೆಯ ಮುಂದಿನ ಜಾಲರಿಯನ್ನು ಶಮಾಲ್, ಎಂದರೆ ವಾಯವ್ಯದಿಂದ ಬೀಸುವ ಮರಳುಗಾಳಿ, ಮುಚ್ಚಿಬಿಟ್ಟಿತ್ತು. ಕಡಲತಡಿಯ ತೇವಕ್ಕೆ ಆ ಧೂಳು ಹೀಟ್ ಸಿಂಕಿನ ಹಾಳೆಗಳ ನಡುವೆ ಕಂಬಳಿಯಂತೆ ಅಂಟಿಕೊಂಡಿತ್ತು. ಊದಿ ತೆಗೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಬೇಕು. ಬಿಟ್ಟರೆ ಅದು ಹುಚ್ಚೆದ್ದು ತಿರುಗಿ ಬೇರಿಂಗ್ ಕೆಡುತ್ತದೆ.

ಇಷ್ಟಾದ ಮೇಲೆ ಸದ್ದು ತಗ್ಗಿತು, ಕಿರಿಕಿರಿ ತಗ್ಗಲಿಲ್ಲ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹಂಚಿನ ಮೇಲೆ ಧೋ ಎಂದು ಸುರಿಯುವ ಮಳೆಗೆ ನಿದ್ದೆ ಬರುತ್ತದೆ, ಬಚ್ಚಲಿನ ನಲ್ಲಿ ತೊಟ್ಟಿಕ್ಕಿದರೆ ಬರುವುದಿಲ್ಲ. ಕಿವಿಯನ್ನು ಕೆಣಕುವುದು ಬದಲಾವಣೆ. ಈಗಿನ ಅನೇಕ ಕಾರ್ಡುಗಳಲ್ಲಿ ಚಿಪ್ ತಂಪಾಗಿದ್ದಾಗ ಫ್ಯಾನು ಪೂರ್ತಿ ನಿಲ್ಲುವ ಸೌಕರ್ಯವಿದೆ. ಕೇಳಲು ಚೆಂದ. ಆದರೆ ಬಿಸಿ ಗಡಿಯ ಆಚೀಚೆ ತೂಗಾಡುತ್ತಿದ್ದರೆ ಫ್ಯಾನು ಗುರ್ರೆಂದು ಎದ್ದು, ಸುಮ್ಮನಾಗಿ, ಮತ್ತೆ ಏಳುತ್ತದೆ. ನಾವು ಆ ಸೌಕರ್ಯವನ್ನೇ ಆಫ್ ಮಾಡಿ, ಫ್ಯಾನು ಸದಾ ಮೆಲ್ಲಗೆ ತಿರುಗುವಂತೆ ಬಿಟ್ಟೆವು.

ಆಮೇಲೂ ಆಟದ ಹೊತ್ತಿಗೆ ‘ವೂಂ... ವೂಂ...’ ಎಂಬ ಅಲೆ ಉಳಿಯಿತು. ಅದನ್ನು ಪತ್ತೆ ಮಾಡಿದ್ದು ಅಮ್ಮ. ವರ್ಷಗಟ್ಟಲೆ ತಂಬೂರಿ ಹಿಡಿದು ಹಾಡಿದವಳು. “ಎರಡು ತಂತಿ ಶ್ರುತಿ ಸೇರಿಲ್ಲ ಕಣೋ. ಒಂದನ್ನ ಇಳಿಸು” ಎಂದಳು. ಲೆಕ್ಕ ಹಾಕಿ ನೋಡಿದೆ. ಒಂಬತ್ತು ರೆಕ್ಕೆಯ ಫ್ಯಾನು ನಿಮಿಷಕ್ಕೆ 1,500 ಸುತ್ತು ಹಾಕಿದರೆ ರೆಕ್ಕೆಗಳು ಸೆಕೆಂಡಿಗೆ 225 ಬಾರಿ ಗಾಳಿಯನ್ನು ಸೀಳುತ್ತವೆ. ಪಕ್ಕದ್ದು 1,520 ಸುತ್ತಿನಲ್ಲಿದ್ದರೆ 228 ಬಾರಿ. ಎರಡು ಸ್ವರಗಳು ಸೆಕೆಂಡಿಗೆ ಮೂರು ಸಲ ಒಂದನ್ನೊಂದು ಹೆಚ್ಚಿಸಿ, ಮೂರು ಸಲ ಅಳಿಸಿಕೊಳ್ಳುತ್ತವೆ. ತಂಬೂರಿ ಶ್ರುತಿ ಮಾಡುವವರು ಬಿರಟೆ ತಿರುಗಿಸುತ್ತಾ ಕಿವಿಗೊಡುವುದೂ ಈ ಮಿಡಿತ ಕರಗುವ ಗಳಿಗೆಗೇ. ಫ್ಯಾನುಗಳನ್ನು ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ನಿಲ್ಲಿಸುವುದು ಕಷ್ಟ. ದೂರ ಮಾಡುವುದು ಸುಲಭ. ಒಂದನ್ನು 1,200ಕ್ಕೆ ಇಳಿಸಿದೆವು, ಅಲೆ ಹೋಯಿತು.

ಈಗ ಮಗ ಇನ್ನೊಂದು ತಕರಾರು ತೆಗೆದ: “ಅಪ್ಪಾ, ಕೀಂಯ್ ಅಂತಿದೆ.” ಇದು ಫ್ಯಾನಿನದಲ್ಲ. ಕಾರ್ಡಿಗೆ ವಿದ್ಯುತ್ತನ್ನು ಹದಮಾಡಿ ಕೊಡುವ ಕಾಯಿಲ್‌ಗಳಲ್ಲಿ ಪ್ರವಾಹ ಏರಿಳಿದಂತೆ ಕಾಂತಬಲಕ್ಕೆ ಸುರುಳಿ ಕಂಪಿಸಿ ಹೊರಡುವ ಸದ್ದು. ಆಟದ ಮೆನು ತೆರೆದಿದ್ದಾಗ ಕಾರ್ಡು ಯಾರಿಗೂ ಬೇಡದ ನೂರಾರು ಚಿತ್ರಗಳನ್ನು ಸೆಕೆಂಡಿಗೆ ಬಿಡಿಸುತ್ತಾ ಕೂರುತ್ತದೆ, ಆಗ ಅದು ಹೆಚ್ಚು. ಮಾನಿಟರ್ ತೋರಿಸಬಲ್ಲ 60 ಚಿತ್ರಗಳಿಗೇ ಮಿತಿ ಹಾಕಿದೆವು. ಪೂರ್ತಿ ನಿಂತಿತೋ ಇಲ್ಲವೋ ಎಂದು ಮೂವರೂ ಪೆಟ್ಟಿಗೆಗೆ ಕಿವಿಯಿಟ್ಟೆವು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರಕ ಸ್ವರಗಳನ್ನೇ. ಮಗ ಇನ್ನೂ ಚೂರು ಇದೆ ಎಂದ. ನನಗೆ ಅನುಮಾನ. ಫ್ಯಾನಿನ ಶ್ರುತಿ ಹಿಡಿದ ಅಮ್ಮ ನಮ್ಮಿಬ್ಬರ ಮುಖ ನೋಡಿ ಕೇಳಿದಳು: “ಯಾವ ಸದ್ದು?”