ಭೂಕಂಪದ ಮರುದಿನ ಎಲ್ಲಿ ಬೀಡು?

೧೯೯೩ನೆಯ ಇಸವಿ ಸೆಪ್ಟೆಂಬರ್ ೩೦. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ದಣಿದ ಜನ ಮಲಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಕೆಲವು ನಿಮಿಷಗಳಿರುವಾಗ, ನಮ್ಮ ಬೀದರಿಗೆ ನೆರೆಯಾದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ದಪ್ಪ ಗೋಡೆಗಳೂ ಭಾರವಾದ ಮಣ್ಣಿನ ಮಾಳಿಗೆಗಳೂ ನಿದ್ರಿಸುತ್ತಿದ್ದವರ ಮೇಲೆಯೇ ಕುಸಿದುವು. ಸಾವಿರಾರು ಜನ ಅಸುನೀಗಿದರು. ಉಳಿದವರ ಮುಂದೆ ನಿಂತುದು ಒಂದು ಸರಳವಾದ, ಆದರೆ ಕಠೋರವಾದ ಪ್ರಶ್ನೆ: ಈ ರಾತ್ರಿ ಎಲ್ಲಿ ಮಲಗುವುದು?

ಮಾಳಿಗೆಯ ಮನೆಗಳು ನಮ್ಮ ಕಡೆಯವರಿಗೂ ಅಪರಿಚಿತವಲ್ಲ. ರಾಣೆಬೆನ್ನೂರು ತಾಲೂಕಿನ ಹಲಗೇರಿಯಂಥ ಊರಿಗೆ ಇಂಥ ಗಂಡಾಂತರ ಒದಗಿತೆಂದು ಕ್ಷಣಕಾಲ ಭಾವಿಸೋಣ. ದೇವರು ಹಾಗೆ ಮಾಡದಿರಲಿ! ಶಾಲೆಯ ಬಯಲು ಹತ್ತಿರ, ನೀರೂ ಉಂಟು. ಆದರೆ ಎರೆನೆಲ, ಮಳೆ ಬಿದ್ದರೆ ಕೆಸರು. ಗೋಮಾಳದ ದಿನ್ನೆ ತುಸು ದೂರ, ನೆಲ ಗಟ್ಟಿ. ಯಾವುದು ಲೇಸು? ಒಂದು ಮೈಲಿ 'ಹತ್ತಿರ'ವೆಂದಾದರೆ, ಒಂದು ಮಾರು ಹೆಚ್ಚಾದೊಡನೆ ಅದು 'ದೂರ'ವಾಗುವುದೆ?

ಈ ತೊಡಕಿಗೆ ಗಣಿತದಲ್ಲಿ ದಾರಿ ತೋರಿದವರು, ಬಾಕು ನಗರದಲ್ಲಿ ಜನಿಸಿ ಅಮೆರಿಕದ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಲೋಟ್ಫಿ ಜಾದೆಯವರು. ೧೯೬೫ರಲ್ಲಿ ಅವರು ಮಂಡಿಸಿದ 'ಫಜ್ಜಿ ಸೆಟ್', ಎಂದರೆ ಅಸ್ಪಷ್ಟ ಗಣದಲ್ಲಿ, 'ಹೌದು', 'ಅಲ್ಲ' ಎಂಬೆರಡೇ ಉತ್ತರಗಳಿಲ್ಲ. ೦ಯಿಂದ ೧ರವರೆಗೆ ನಡುವಣ ಮೆಟ್ಟಿಲುಗಳೆಲ್ಲವೂ ಉಂಟು. ೧೯೭೦ರಲ್ಲಿ ಅವರೂ ರಿಚರ್ಡ್ ಬೆಲ್ಮನ್ನರೂ ಸೇರಿ ಇದನ್ನು ನಿರ್ಣಯ ಕೈಗೊಳ್ಳುವ ಕ್ರಮಕ್ಕೆ ಅಳವಡಿಸಿದರು.

ನಮ್ಮ ಕಲ್ಪನೆಯ ಊರಿಗೇ ಇದನ್ನು ಹಚ್ಚಿ ನೋಡೋಣ. ಶಾಲೆಯ ಬಯಲಿಗೆ ಸಾಮೀಪ್ಯದಲ್ಲಿ ೦.೯, ನೀರಿನಲ್ಲಿ ೦.೮, ನೆಲದ ಗಟ್ಟಿತನದಲ್ಲಿ ೦.೩ ಕೊಡೋಣ. ಗೋಮಾಳಕ್ಕೆ ಅದೇ ಕ್ರಮದಲ್ಲಿ ೦.೬, ೦.೫, ೦.೭ ಇರಲಿ. ಬರಿಯ ಕೂಡಿಕೆಯಲ್ಲಿ ಶಾಲೆಗೆ ೨.೦, ಗೋಮಾಳಕ್ಕೆ ೧.೮, ಶಾಲೆಯೇ ಗೆದ್ದಿತು. ಆದರೆ ಬೆಲ್ಮನ್-ಜಾದೆ ಕ್ರಮವು ಪ್ರತಿಯೊಂದು ಸ್ಥಳದ ಅತ್ಯಂತ ಕಡಮೆ ಅಂಕವನ್ನೇ ಹಿಡಿದು ಹೋಲಿಸುತ್ತದೆ. ಶಾಲೆಗೆ ೦.೩, ಗೋಮಾಳಕ್ಕೆ ೦.೫. ಈಗ ಗೆದ್ದುದು ಗೋಮಾಳ! ಹತ್ತಿರವಿದ್ದ ಮಾತ್ರಕ್ಕೆ ಕೆಸರಿನಲ್ಲಿ ಕೂಸನ್ನು ಮಲಗಿಸಲಾದೀತೆ?

ಆದರೆ ಈ ಅಂಕಗಳನ್ನು ಕೊಡುವವರು ಯಾರು? ಇಂಜಿನಿಯರರು ಕೊಡಲಿ, ಅವರೊಡನೆ ಕೊಡ ಹೊತ್ತು ನಡೆಯಬೇಕಾದ ತಾಯಿಯೂ, ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುವುದೆಂದು ಬಲ್ಲ ಅಜ್ಜನೂ ಕೊಡಲಿ. ೨೦೧೯ರ ಆಗಸ್ಟ್ ತಿಂಗಳ ನೆರೆಯಲ್ಲಿ ವರದಾ ತೀರದ ಜನ ಮನೆ ತೊರೆದು ಪರಿಹಾರ ಕೇಂದ್ರಗಳನ್ನು ಸೇರಬೇಕಾಯಿತಷ್ಟೆ. ವಿಪತ್ತು ಮುಹೂರ್ತ ನೋಡಿ ಬರುವುದಿಲ್ಲ. ಬೀಡಿನ ಸ್ಥಳವನ್ನಾದರೂ ನಾವು ನೆಮ್ಮದಿಯ ದಿನದಲ್ಲಿಯೇ ನೋಡಿಡಬಹುದು.