ಹೂವಿಗಾಗಿ ಬೆಳೆಸುವ ಈರುಳ್ಳಿ

ಬೀಜಕ್ಕೆಂದು ಬಿಟ್ಟ ಈರುಳ್ಳಿ ಹೊಲ ನೋಡಿದವರಿಗೆ ಅಲಿಯಂ ಹೂವಿನ ಪರಿಚಯ ಹೊಸದೇನಲ್ಲ. ಎಲೆಯಿಲ್ಲದ ನೀಳ ದಂಟು, ತುದಿಯಲ್ಲಿ ನೂರಾರು ಪುಟ್ಟ ಹೂಗಳ ಚೆಂಡು. ಆ ಚೆಂಡಿಗೆ ನೇರಳೆ ಬಣ್ಣ ಬಳಿದು ದಂಟನ್ನು ಆಳೆತ್ತರಕ್ಕೆ ಏರಿಸಿದರೆ ಅದೇ ಅಲಿಯಂ ಜೈಗಾಂಟಿಯಂ. ಈರುಳ್ಳಿ, ಬೆಳ್ಳುಳ್ಳಿಗಳ ಕುಲಕ್ಕೇ ಸೇರಿದ ಇಂಥ ಹಲವು ಜಾತಿಗಳನ್ನು ಬ್ರಿಟನ್, ನೆದರ್ಲೆಂಡ್ಸ್ ತೋಟಗಳಲ್ಲಿ ಹೂವಿಗೆಂದೇ ಬೆಳೆಸುತ್ತಾರೆ. ಟುಲಿಪ್ ಮುಗಿದ ಮೇಲೆ, ಮೇ-ಜೂನ್‌ನಲ್ಲಿ ಇವು ಅರಳುತ್ತವೆ. ಜೇನುಹುಳುಗಳಿಗಂತೂ ಹಬ್ಬ.

ದೊಡ್ಡ ಹೂವಿನ ಬಗೆಗಳಲ್ಲಿ ಹೆಚ್ಚಿನವುಗಳ ತವರು ಇರಾನ್, ಅಫ್ಘಾನಿಸ್ತಾನ, ಮಧ್ಯ ಏಷ್ಯಾದ ಬೆಟ್ಟಗಳು. ಅಲ್ಲಿ ಕೊರೆಯುವ ಚಳಿ, ಹಿಮ ಕರಗಿ ನೆಲ ನೆನೆಯುವ ವಸಂತ, ಆಮೇಲೆ ಒಣ ಬೇಸಿಗೆ. ಈ ಮೂರನ್ನು ನೆನಪಿಟ್ಟುಕೊಂಡರೆ ಬೆಳೆಸುವ ಕ್ರಮ ತಾನಾಗಿಯೇ ಹೊಳೆಯುತ್ತದೆ. ಚಳಿ ತಾಗದಿದ್ದರೆ ಹೂವಿಲ್ಲ. ಹಾಗಾಗಿ ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ಗೆಡ್ಡೆ ನೆಡಬೇಕು. ಗೆಡ್ಡೆ ಎಷ್ಟು ಎತ್ತರವಿದೆಯೋ ಅದರ ಮೂರರಷ್ಟು ಆಳ, ದೊಡ್ಡ ಜಾತಿಗೆ 20 ಸೆಂ.ಮೀ. ಅಂತರ, ದಿನವಿಡೀ ಬಿಸಿಲು. ಬೇಸಿಗೆಯಲ್ಲಿ ಮಲಗಿದ ಗೆಡ್ಡೆಯನ್ನು ಕೊಲ್ಲುವುದು ನಿಂತ ನೀರು. ಜೇಡಿಮಣ್ಣಿಗೆ ಧಾರಾಳವಾಗಿ ಗರಸು ಬೆರೆಸಿ.

ಹೂ ಬಿರಿಯುವ ಹೊತ್ತಿಗೇ ಎಲೆಗಳು ಹಳದಿಯಾಗಿ ಜೋತುಬೀಳುತ್ತವೆ. ರೋಗವೆಂದು ಗಾಬರಿಪಟ್ಟು ಕತ್ತರಿಸಬೇಡಿ. ಮುಂದಿನ ವರ್ಷದ ಹೂವಿಗೆ ಬೇಕಾದ ಸತ್ವ ಆ ಎಲೆಗಳಿಂದಲೇ ಗೆಡ್ಡೆಗೆ ಇಳಿಯಬೇಕು. ನೋಟ ಕೆಡುತ್ತದೆಂದರೆ ಮುಂದೆ ಪೊದೆಯಂಥ ಬೇರೆ ಹೂಗಿಡ ನೆಟ್ಟು ಮರೆ ಮಾಡುವುದೇ ಜಾಣತನ.

ಸಸ್ಯಾಭಿವೃದ್ಧಿಗೆ ಒಂದೇ ದಾರಿ ಎಂಬುದಿಲ್ಲ. ಯಾವ ಜಾತಿ ಎಂಬುದರ ಮೇಲೆ ನಿಂತಿದೆ. ಭಾರೀ ಹೂಚೆಂಡಿನ 'ಗ್ಲೋಬ್‌ಮಾಸ್ಟರ್' ಮಿಶ್ರತಳಿ, ಬಂಜೆ. ಅದು ಬೀಜ ಕಟ್ಟುವುದಿಲ್ಲ. ಎಲೆ ಪೂರ್ತಿ ಒಣಗಿದ ಮೇಲೆ ಬುಡ ಅಗೆದು, ತಾಯಿಗೆಡ್ಡೆಗೆ ಅಂಟಿದ ಮರಿಗಳನ್ನು ಬಿಡಿಸಿ ನೆಡುವುದೊಂದೇ ಉಪಾಯ. ದಪ್ಪ ಮರಿ ಬೇಗ ಹೂಬಿಡುತ್ತದೆ, ಸಣ್ಣದಕ್ಕೆ ಬೇರೆ ಮಡಿಯಲ್ಲಿ ಒಂದೆರಡು ವರ್ಷ ಆರೈಕೆ ಬೇಕು.

ನಕ್ಷತ್ರದಂಥ ಹೂಗಳ ಅಲಿಯಂ ಕ್ರಿಸ್ಟೋಫಿಯನ್ನು ಬೀಜದಿಂದಲೇ ಬೆಳೆಸಬಹುದು, ತಾಳ್ಮೆಯಿದ್ದರೆ. ಕಪ್ಪು ಬೀಜ ಥೇಟ್ ಈರುಳ್ಳಿ ಬೀಜದ ಹಾಗೆ. ಅದರಂತೆಯೇ ಹಳತಾದಷ್ಟೂ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಬಲಿತ ವರ್ಷವೇ ಶರತ್ಕಾಲದಲ್ಲಿ ಕುಂಡಕ್ಕೆ ಬಿತ್ತಿ, ಚಳಿಗಾಲವಿಡೀ ಹೊರಗಿಡಬೇಕು. ವಸಂತದಲ್ಲಿ ದಾರದಂಥ ಒಂದೇ ಎಲೆ, ಬಗ್ಗಿಕೊಂಡು ಮೇಲೇಳುತ್ತದೆ. ಹುಲ್ಲೆಂದು ಕಿತ್ತೀರಿ! ಬೇಸಿಗೆಗೆ ಅದೂ ಒಣಗಿದಾಗ ಸತ್ತಿತೆಂದು ಕುಂಡ ಬರಿದು ಮಾಡಬೇಡಿ, ಮಣ್ಣೊಳಗೆ ಪುಟಾಣಿ ಗೆಡ್ಡೆ ಇರುತ್ತದೆ. ಹೂವಿಗೆ ಮೂರರಿಂದ ಐದು ವರ್ಷ. 'ಪರ್ಪಲ್ ಸೆನ್ಸೇಷನ್' ತಳಿಯ ಬೀಜದ ಸಸಿಗಳಲ್ಲಿ ಬಣ್ಣ ಮಾಸುವುದುಂಟು, ತಾಯಿಯ ಗಾಢ ನೇರಳೆಯೇ ಬೇಕೆಂದರೆ ಮರಿಗೆಡ್ಡೆಯೇ ಸರಿ.

ಕೆಲವಕ್ಕೆ ಹೂಗೊಂಚಲಲ್ಲೇ ಮರಿಗೆಡ್ಡೆ ಮೂಡಿ ಉದುರುತ್ತವೆ. ಇಂಥವನ್ನು ತೋಟಕ್ಕೆ ಕರೆತರದಿರುವುದೇ ಲೇಸು, ಕಳೆಯಾಗಿಬಿಡುತ್ತವೆ. ಬಿಳಿ ಕೊಳೆರೋಗ ಹತ್ತಿದ ಮಡಿಯ ಗೆಡ್ಡೆಯನ್ನಂತೂ ಯಾರಿಂದಲೂ ಪಡೆಯಬೇಡಿ. ಅದರ ಶಿಲೀಂಧ್ರ ಮಣ್ಣಲ್ಲಿ ಹಲವು ವರ್ಷ ಬದುಕುತ್ತದೆ, ಅಡುಗೆಯ ಈರುಳ್ಳಿಯನ್ನೂ ಬಿಡುವುದಿಲ್ಲ.

ನಮ್ಮ ಬಯಲುಸೀಮೆಯಲ್ಲಿ ಆಳೆತ್ತರದ ಅಲಿಯಂಗೆ ಸಾಕಷ್ಟು ಚಳಿ ಸಿಗದು, ದುಬಾರಿ ಗೆಡ್ಡೆ ತರಿಸುವುದು ದುಡ್ಡು ದಂಡ. ಇಲ್ಲಿಗೆ ಒಗ್ಗುವುದು ಬೆಳ್ಳುಳ್ಳಿ ಘಮದ ಗಾರ್ಲಿಕ್ ಚೈವ್ಸ್, ಅಲಿಯಂ ಟ್ಯೂಬರೋಸಂ. ಬಿಳಿ ಹೂವು, ಚಪ್ಪಟೆ ಎಲೆ. ಎಲೆ ಒಗ್ಗರಣೆಗೂ ಆದೀತು. ಹಿಂಡು ದಟ್ಟವಾದಾಗ ಬೇರುಸಮೇತ ಕಿತ್ತು, ನಾಲ್ಕೈದು ಬುಡಗಳ ಕಟ್ಟುಗಳಾಗಿ ಬಿಡಿಸಿ, ಎಲೆ ಅರ್ಧ ಕತ್ತರಿಸಿ ನೆಟ್ಟರಾಯಿತು. ಹೂ ಬಾಡಿದ ಕೂಡಲೇ ದಂಟು ಚಿವುಟಿ, ಇಲ್ಲದಿದ್ದರೆ ಬೀಜ ಸಿಡಿದು ಅಕ್ಕಪಕ್ಕದ ಕುಂಡಗಳಲ್ಲೆಲ್ಲ ಅದೇ ಮೊಳೆಯುತ್ತದೆ.